ಮೂರನೇ ಕುರ್ಚಿಯ ಪಂಚಾಯ್ತಿ

ಊರಿನಲ್ಲಿ ಅವನನ್ನು ಎಲ್ಲರೂ ಪಂಚಾಯ್ತಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೋ ಕಾಗದದಲ್ಲಿ ಸುಖವಾಗಿ ಮಲಗಿತ್ತು. ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅವನ ಕಟಿಂಗ್ ಶಾಪಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಕೂತವರ ತಲೆಯ ಜೊತೆಗೆ ತಂಟೆ ತಕರಾರುಗಳೂ ಹಗುರಾಗುತ್ತಿದ್ದವು. ಅತ್ತೆ ಸೊಸೆ ಜಗಳ, ನಡುಗೋಡೆಯ ಜಗಳ, ಅರ್ಧಕ್ಕೆ ನಿಂತ ಮದುವೆಯ ಮಾತುಕತೆ, ಯಾವುದೇ ಇರಲಿ, ಗಿರಾಕಿಯ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ ಕೂಡಲೇ ಅವನು ವಿಚಾರಣೆ ಆರಂಭಿಸುತ್ತಿದ್ದ. ಗಂಟಲ ಮೇಲೆ ಕತ್ತಿ ಆಡುತ್ತಿರುವಾಗ ತೀರ್ಪನ್ನು ಒಪ್ಪದವರು ಕಡಿಮೆ. ಇದನ್ನು ಅವನು ತನ್ನ ವಾಕ್ಚಾತುರ್ಯವೆಂದು ತಿಳಿದಿದ್ದ.

"ನಾಲ್ಕು ಜನ ನನ್ನ ಮಾತು ಕೇಳ್ತಾರೆ ಅಂದ್ರೆ ಸುಮ್ನೆ ಅಲ್ಲ ಕಣೇ," ಎಂದು ಹೆಂಡತಿಯ ಮುಂದೆ ಎದೆ ಸೆಟೆಸುತ್ತಿದ್ದ.

"ಕೇಳದೆ ಏನು ಮಾಡ್ತಾರೆ ರೀ? ಅರ್ಧ ಮೀಸೆ ಹೊತ್ಕೊಂಡು ಎದ್ದು ಹೋಗೋಕಾಗುತ್ತಾ?" ಎನ್ನುತ್ತಿದ್ದಳು ಅವಳು.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಅದೇ ಹೊತ್ತಿಗೆ, ಪರದೇಶದಲ್ಲಿ ಸಾಮಾನು ಸಾಗಿಸುವ ವ್ಯಾನ್ ಓಡಿಸಿಕೊಂಡಿದ್ದ ಹೆಂಡತಿಯ ತಮ್ಮ ಫೋನ್ ಮಾಡಿದ. "ಭಾವ, ಇಲ್ಲಿ ಒಂದು ಸೆಲೂನಿಗೆ ಕೈ ಬೇಕಂತೆ. ಅಕ್ಕನಿಗೂ ಬೇಕರಿಯಲ್ಲಿ ಮಾತಾಡಿದ್ದೀನಿ. ಹೊರಟು ಬನ್ನಿ."

"ಭಾಷೆ ಗೊತ್ತಿಲ್ವಲ್ಲೋ."

"ಕೂದಲಿಗೆ ಯಾವ ಭಾಷೆ ಭಾವ? ಸುಮ್ನೆ ಬನ್ನಿ."

ಕೂದಲಿಗೆ ಭಾಷೆ ಇಲ್ಲ ನಿಜ. ಆದರೆ ಪಂಚಾಯ್ತಿಯ ಕತ್ತರಿ ನಡೆಯುತ್ತಿದ್ದದ್ದು ಬಾಯಿಯ ಬಲದ ಮೇಲೆ ಎಂಬುದು ಭಾಮೈದನಿಗೆ ಹೊಳೆಯಲಿಲ್ಲ.

ಹೊಸ ದೇಶದ ಮಾತು ಅವನ ಕಿವಿಗೆ ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಯುವಂತೆ ಕೇಳಿಸುತ್ತಿತ್ತು. ಒಳಗೆ ಏನೋ ಆಗುತ್ತಿದೆ, ಏನೆಂದು ಗೊತ್ತಿಲ್ಲ. ಅಂಗಡಿಗಳ ಗಾಜಿನ ಬಾಗಿಲಿನ ಮೇಲೆ ನೂಕಬೇಕೋ ಎಳೆಯಬೇಕೋ ಎಂದು ಬರೆದಿರುತ್ತಿತ್ತು. ಓದಲು ಬಾರದೆ, ಎಳೆಯುವ ಬಾಗಿಲುಗಳನ್ನು ಮೊದಲ ವಾರವೆಲ್ಲ ನೂಕಿ ನೂಕಿ ಭುಜ ನೋಯಿಸಿಕೊಂಡ. ಆಮೇಲೆ ಒಂದು ಉಪಾಯ ಕಂಡುಕೊಂಡ. ಬಾಗಿಲ ಪಕ್ಕ ಕೈಕಟ್ಟಿ ನಿಂತು, ಬೇರೆ ಯಾರಾದರೂ ತೆರೆಯುವವರೆಗೆ ಕಾಯುವುದು, ಅವರ ಹಿಂದೆಯೇ ನುಗ್ಗುವುದು. ಹೀಗಾಗಿ ಆ ಬೀದಿಯಲ್ಲಿ ಅವನು ಮಹಾ ವಿನಯವಂತ ಎಂಬ ಹೆಸರು ಹಬ್ಬಿತು. ಮುದುಕಿಯರು ಅವನನ್ನು ಕಂಡರೆ ತಲೆಬಾಗಿ ನಗುತ್ತಿದ್ದರು. ಹುಟ್ಟಿದಂದಿನಿಂದ ವಿನಯಕ್ಕೂ ಅವನಿಗೂ ಪರಿಚಯವಿರಲಿಲ್ಲ.

ಸೆಲೂನಿನಲ್ಲಿ ಮೂರು ಕುರ್ಚಿ. ಮೊದಲನೆಯದು ಮಾಲೀಕಮ್ಮನದು, ಎರಡನೆಯದು ಮಧ್ಯಾಹ್ನ ಬರುವ ಹುಡುಗಿಯದು, ಬಾಗಿಲ ಬಳಿಯ ಮೂರನೆಯದು ಇವನದು. ಭಾಮೈದ ಮೂರು ವಾಕ್ಯ ಬಾಯಿಪಾಠ ಮಾಡಿಸಿದ್ದ. "ಬನ್ನಿ, ಕೂತ್ಕೊಳ್ಳಿ." "ಎಷ್ಟು ಸಣ್ಣ ಮಾಡ್ಲಿ?" ಕೊನೆಗೆ ಕೈಗನ್ನಡಿ ಹಿಡಿದು ಹಿಂದಲೆ ತೋರಿಸುತ್ತ, "ಸರಿ ಇದೆಯಾ?" ಈ ಮೂರರ ಆಚೆಗೆ ಪಂಚಾಯ್ತಿ ಮೂಗನೇ ಆದ.

ಮೊದಲ ದಿನವೇ ಒಂದು ಎಡವಟ್ಟಾಯಿತು. ಊರಿನಲ್ಲಿ ಕಟಿಂಗ್ ಮುಗಿದ ಮೇಲೆ ತಲೆಗೆ ನಾಲ್ಕು ತಟ್ಟಿ, ಭುಜ ಹಿಸುಕಿ, ಗಲ್ಲ ಹಿಡಿದು ಕತ್ತನ್ನು ಲಟಕ್ಕನೆ ನೆಟಿಗೆ ತೆಗೆಯುವುದು ಅವನ ಪ್ರೀತಿಯ ಕೊಸರು. ಅದಕ್ಕೆ ಬೇರೆ ದುಡ್ಡಿಲ್ಲ. ಇಲ್ಲಿಯೂ ಮೊದಲ ಗಿರಾಕಿಗೆ ಧಾರಾಳವಾಗಿ ಕೊಟ್ಟ. ನೆಟಿಗೆಯ ಸದ್ದು ಕೇಳಿದ್ದೇ ತಡ, ಆ ಮನುಷ್ಯ ಬಿಳಿ ಬಟ್ಟೆಯ ಸಮೇತ ಬೀದಿಗೆ ಓಡಿದ. ಮಾಲೀಕಮ್ಮ ಅವನನ್ನು ಬೆನ್ನಟ್ಟಿ ಕರೆತಂದು ನೀರು ಕುಡಿಸಿ, ಇವನ ಕಡೆ ತಿರುಗಿ ಎರಡು ಸನ್ನೆ ಮಾಡಿದಳು. ಒಂದು ಕುತ್ತಿಗೆ ಮುಟ್ಟಬೇಡ ಎಂದು. ಇನ್ನೊಂದು, ತುಟಿಯ ಮೇಲೆ ಬೆರಳು. ಎರಡನೆಯದು ಯಾಕೆಂದು ಅವನಿಗೆ ತಿಳಿಯಲಿಲ್ಲ. ಗಾಬರಿಯಲ್ಲಿ ತಾನು ಕನ್ನಡದಲ್ಲಿ ಊರು ಹೋಗಿ ಊರು ಬರುವಷ್ಟು ವಿವರಣೆ ಕೊಡುತ್ತಿದ್ದುದು ಅವನ ಗಮನಕ್ಕೇ ಬಂದಿರಲಿಲ್ಲ.

ಮರುದಿನ ಮಾಲೀಕಮ್ಮ ಅವನ ಕುರ್ಚಿಯ ಹಿಂದಿನ ಕಿಟಕಿಗೆ ಒಂದು ಪುಟ್ಟ ಬೋರ್ಡು ತೂಗುಹಾಕಿದಳು. ಅದರ ಮಹಿಮೆಯೋ ಏನೋ, ಒಂದೇ ತಿಂಗಳಲ್ಲಿ ಮೂರನೇ ಕುರ್ಚಿಗೆ ಜನ ಸಾಲುಗಟ್ಟಿದರು. 'ಪರದೇಶದಿಂದ ಬಂದ ನುರಿತ ಕೈ' ಎಂದೇ ಬರೆದಿರಬೇಕು ಎಂದು ಪಂಚಾಯ್ತಿ ಊಹಿಸಿದ. ಬೋರ್ಡಿನ ಪಕ್ಕ ಕತ್ತರಿ ಎತ್ತಿ ಹಿಡಿದು ಭಾಮೈದನಿಂದ ಫೋಟೋ ತೆಗೆಸಿ, "ಇಲ್ಲಿನವರು ನನ್ನ ಬಗ್ಗೆ ಬರೆದದ್ದು" ಎಂಬ ಮಾತಿನೊಂದಿಗೆ ಊರಿಗೆಲ್ಲ ಕಳಿಸಿದ.

ವಾರಕ್ಕೆರಡು ಸಂಜೆ ಗಂಡ ಹೆಂಡತಿ ಭಾಷೆ ಕಲಿಯಲು ಹೋಗುತ್ತಿದ್ದರು. ಮಕ್ಕಳ ಶಾಲೆಯ ಕೋಣೆ. ಬೆಂಚುಗಳು ಎಷ್ಟು ಗಿಡ್ಡ ಎಂದರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಹೆಂಡತಿ ಮುಂದಿನ ಬೆಂಚು. ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸರ ನಡುವೆ ಅವಳಿಗೆ ಮೊದಲು ಬೈಗುಳ, ಆಮೇಲೆ ಹರಟೆ, ಕೊನೆಗೆ ವ್ಯಾಕರಣ ಬಂತು. ವರ್ಷ ತುಂಬುವುದರೊಳಗೆ ಬಸ್ ಡ್ರೈವರನ ಜೊತೆ ಜಗಳ ಆಡಿ ಗೆದ್ದು ಬಂದಳು. ಪಂಚಾಯ್ತಿಗೆ ಮಾತ್ರ ಕಿವಿ ಮುಂದೆ ಹೋಯಿತು, ನಾಲಿಗೆ ಹಿಂದೆ ಉಳಿಯಿತು. ಎರಡನೇ ವರ್ಷದಲ್ಲಿ ಕುದಿಯುವ ಪಾತ್ರೆಯ ಮುಚ್ಚಳ ಸರಿಯಿತು. ಒಳಗಿನ ಕಾಳುಗಳು ಒಂದೊಂದಾಗಿ ಕಾಣತೊಡಗಿದವು.

ಒಂದು ಬೆಳಿಗ್ಗೆ ಗಾಜು ಒರೆಸುತ್ತಿದ್ದಾಗ ಬೋರ್ಡಿನ ಅಕ್ಷರಗಳು ತಾವಾಗಿಯೇ ಕೂಡಿಕೊಂಡವು. 'ಮೂರನೇ ಕುರ್ಚಿ: ಇಲ್ಲಿ ಮಾತಿಲ್ಲ.'

ಪಂಚಾಯ್ತಿ ಬೆರಳಿಟ್ಟು ಇನ್ನೊಮ್ಮೆ ಓದಿದ. ಅಂದರೆ, ಜನ ಬರುತ್ತಿದ್ದದ್ದು ಅವನ ಕೈಗುಣಕ್ಕಲ್ಲ. ತಲೆ ತಿನ್ನದ ಕ್ಷೌರಿಕ ಸಿಕ್ಕನಲ್ಲ ಎಂಬ ನೆಮ್ಮದಿಗೆ. ಊರಲ್ಲಿ ಆ ಫೋಟೋಕ್ಕೆ ಯಾರೋ ಚೌಕಟ್ಟು ಹಾಕಿಸಿದ್ದರು ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು. ಯಾರಿಗೂ ಹೇಳಲಿಲ್ಲ. ಗಾಜನ್ನು ಇನ್ನೊಮ್ಮೆ ಒರೆಸಿದ.

ಆದರೆ ಆ ಕುರ್ಚಿಯಲ್ಲಿ ಮಾತೇ ಇರಲಿಲ್ಲ ಎಂದಲ್ಲ. ಇಬ್ಬರು ಗಿರಾಕಿಗಳು ಮಾತಾಡುತ್ತಿದ್ದರು. ಒಬ್ಬರು ಬುಧವಾರ ಬರುವ ಎತ್ತರದ ಮುದುಕ. ಕಾಲಿನ ಗಿಣ್ಣಿನವರೆಗೆ ಇಳಿಯುವ ಕೋಟು. ಇವನು ಮನಸ್ಸಿನಲ್ಲೇ ಕೋಟುರಾಯರು ಎಂದು ಹೆಸರಿಟ್ಟಿದ್ದ. ಇನ್ನೊಬ್ಬರು ಶನಿವಾರದವರು, ಕೂರುವಾಗ ಏಳುವಾಗ ಮಂಡಿ ಹಿಡಿದು ನರಳುವವರು, ಹಾಗಾಗಿ ಮಂಡಿರಾಯರು. ಇಬ್ಬರೂ ಕತ್ತರಿ ಸದ್ದು ಶುರುವಾದ ಕೂಡಲೇ ಕನ್ನಡಿಯಲ್ಲಿ ಎಲ್ಲೋ ನೋಡುತ್ತ ಮೆಲ್ಲಗೆ ಮಾತು ಬಿಚ್ಚುತ್ತಿದ್ದರು. ಇವನು "ಹೂಂ... ಹೌದಾ... ಛೆ ಛೆ..." ಎಂದು ಕನ್ನಡದಲ್ಲೇ ಹೂಂಗುಟ್ಟುತ್ತಿದ್ದ. ಹೂಂಗುಟ್ಟುವುದಕ್ಕೆ ಭಾಷೆ ಬೇಡ, ಅಭ್ಯಾಸ ಬೇಕು. ಗಿರಾಕಿಯ ದನಿ ಇಳಿದ ಕಡೆ ಒಂದು 'ಛೆ' ಬಿದ್ದರೆ ಸಾಕು. ಅವರು ಹವಾಮಾನದ ಬಗ್ಗೆಯೋ, ತನ್ನ ಕೈಗುಣದ ಬಗ್ಗೆಯೋ ಹೇಳುತ್ತಿದ್ದಾರೆ ಎಂದುಕೊಂಡಿದ್ದ.

ಈಗ ಅರ್ಥವಾಗತೊಡಗಿತು. ಇವನಿಗೆ ಏನೂ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ಇಬ್ಬರೂ ತಮ್ಮ ಎದೆಯೊಳಗಿನದನ್ನು ಹೊರಗಿಡುತ್ತಿದ್ದರು.

ಮಂಡಿರಾಯರ ದೂರು ಹೀಗಿತ್ತು. "ಅಣ್ಣನ ಏಣಿ ತಗೊಂಡಿದ್ದೆ. ವಾಪಸ್ ಕೊಡು ಅಂದ. ಈ ಮಂಡಿ ಇಟ್ಕೊಂಡು, ಲಿಫ್ಟಲ್ಲಿ ಹಿಡಿಸದ ಏಣೀನ ಹೊತ್ಕೊಂಡು ಅವನ ಮಹಡಿ ಹತ್ತಿದೆ. ಬೆಲ್ ಒತ್ತಿದೆ. ಒಳಗೆ ರೇಡಿಯೋ ಹಾಡ್ತಿದೆ, ದೀಪ ಉರೀತಿದೆ. ಮತ್ತೆ ಒತ್ತಿದೆ. ಬಾಗಿಲು ತೆಗೀಲಿಲ್ಲ. ತಮ್ಮನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ರೆ ನಾನ್ಯಾಕೆ ಬೀಳಲಿ ಅವನ ಕಾಲಿಗೆ? ಗೋಡೆಗೆ ಒರಗಿಸಿ ಬಂದೆ. ಅವತ್ತಿಂದ ನಾಲ್ಕು ವರ್ಷ, ಒಂದೇ ಕಟ್ಟಡದಲ್ಲಿದ್ರೂ ಮಾತಿಲ್ಲ."

ಕೋಟುರಾಯರದು ಹೀಗೆ. "ಬೆಲ್ ಕೆಟ್ಟಿತ್ತು. ಒತ್ತೋ ಗುಂಡಿ ಕೆಳಗೆ, ಗಂಟೆ ಬಾಗಿಲ ಮೇಲ್ಗಡೆ ಇರೋದು. ರಿಪೇರಿ ಮಾಡೋಕೇ ಏಣಿ ಕೇಳಿದ್ದು. ಬೆಳಿಗ್ಗೆ ಬಾಗಿಲು ತೆಗೆದ್ರೆ ಏಣಿ ಗೋಡೆಗೆ ಒರಗಿದೆ, ಪರಕೀಯರ ಮನೆ ಮುಂದೆ ಬಿಸಾಕಿ ಹೋದ ಹಾಗೆ. ಬಾಗಿಲು ತಟ್ಟೋಕೂ ಬೇಸರ ಅವನಿಗೆ. ಬೆಲ್ ಏನೋ ಸರಿ ಮಾಡಿದೆ. ಒತ್ತೋರೇ ಇಲ್ಲ."

ಪಂಚಾಯ್ತಿಯ ಕತ್ತರಿ ಗಾಳಿಯಲ್ಲೇ ನಿಂತಿತು. ಬಾಚಣಿಗೆಯಿಂದ ಕೋಟುರಾಯರ ಕೂದಲು ಸರಿಸಿ ನೋಡಿದ. ನೆತ್ತಿಯಲ್ಲಿ ಎರಡು ಸುಳಿ, ಒಂದಕ್ಕೊಂದು ಬೆನ್ನು ಹಾಕಿ ಕೂತ ಹಾಗೆ. ಎರಡು ಸುಳಿಯವನಿಗೆ ಎರಡು ಮದುವೆ ಎಂದು ಊರಲ್ಲಿ ನಗಾಡುತ್ತಿದ್ದ. ಮಂಡಿರಾಯರ ನೆತ್ತಿಯಲ್ಲೂ ಇದೇ ಜೋಡಿ ಸುಳಿ. ಅದನ್ನು ಕೂರಿಸಲು ಅವರು ಬಂದಾಗಲೆಲ್ಲ ನೀರು ಚಿಮುಕಿಸಿ ಹೆಣಗುತ್ತಿದ್ದ. ಮುಖ ಬೇರೆ, ಎತ್ತರ ಬೇರೆ. ನೆತ್ತಿ ಮಾತ್ರ ಒಂದೇ ತಾಯಿಯದು.

ಇಡೀ ಭೂಮಿಯ ಮೇಲೆ ಈ ಕೇಸಿನ ಎರಡೂ ಕಡೆ ಗೊತ್ತಿದ್ದವನು ಅವನೊಬ್ಬನೇ. ಊರಾಗಿದ್ದರೆ ಅರ್ಧ ಕಟಿಂಗಿನಲ್ಲೇ ತೀರ್ಪು ಕೊಟ್ಟು, ಇಬ್ಬರನ್ನೂ ಬೈದು, ಟೀ ಕುಡಿಸಿ ಕಳಿಸುತ್ತಿದ್ದ. ಇಲ್ಲಿ ಬಾಯಿ ಬಿಡುವ ಹಾಗಿಲ್ಲ. ಕುರುಡನೆಂದು ನಂಬಿ ಅವನೆದುರು ಬಟ್ಟೆ ಬದಲಿಸಿದವರಿಗೆ, "ನನಗೆ ಕಣ್ಣು ಕಾಣುತ್ತೆ ಸ್ವಾಮಿ" ಎಂದರೆ ಹೇಗಿರುತ್ತದೆ? ಇಬ್ಬರೂ ಮತ್ತೆ ಆ ಕುರ್ಚಿಯ ಕಡೆ ತಲೆ ಹಾಕುವುದಿಲ್ಲ. ಮಿಕ್ಕ ಗಿರಾಕಿಗಳಿಗೂ ಸುದ್ದಿ ಹಬ್ಬುತ್ತದೆ. ಬೋರ್ಡು ಸುಳ್ಳಾಗುತ್ತದೆ, ಮಾಲೀಕಮ್ಮ ಇನ್ನೊಬ್ಬ ಮೂಗನನ್ನು ಹುಡುಕುತ್ತಾಳೆ.

ಸುಮ್ಮನಿರೋಣವೆಂದರೆ, ಆವತ್ತು ಎದ್ದು ಹೋಗುವ ಮುಂಚೆ ಕೋಟುರಾಯರು ಇನ್ನೊಂದು ಮಾತು ಹೇಳಿದರು. "ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀನಿ. ಮಗಳ ಊರಿಗೆ. ಅವನಿಗೆ ಹೇಳೋದಿಲ್ಲ. ಬೀಗ ಹಾಕಿದ ಬಾಗಿಲು ನೋಡಿ ಗೊತ್ತಾಗಲಿ."

ಪಂಚಾಯ್ತಿ 'ಛೆ' ಎನ್ನುವುದನ್ನೂ ಮರೆತ.

ಆ ವಾರ ಅವನಿಗೆ ಅನ್ನ ಸೇರಲಿಲ್ಲ. ಹೆಂಡತಿಗೆ ಸುತ್ತಿ ಬಳಸಿ ಕೇಳಿದ. "ಏನೇ, ಒಬ್ಬನಿಗೆ ಒಂದು ವಿಷಯ ಗೊತ್ತು ಅಂದ್ಕೋ. ಬಾಯಿ ಬಿಟ್ರೆ ಕೆಲಸ ಹೋಗುತ್ತೆ. ಬಿಡದಿದ್ರೆ ಎರಡು ಮನೆ ಹಾಳಾಗುತ್ತೆ. ಏನು ಮಾಡ್ಬೇಕು?"

"ಆ ಒಬ್ಬ ನೀವೇನಾ?"

"ಛೆ, ನಾನ್ಯಾಕೆ! ಮಾತಿಗೆ ಹೇಳ್ದೆ."

"ಮಾತಿಗೆ ಅಂದ್ರೆ ನೀವೇ." ಅವಳು ಪಾತ್ರೆ ಒರೆಸುತ್ತ ಹೇಳಿದಳು. "ಎಲ್ಲಾನೂ ಬಾಯಿಂದಲೇ ಆಗ್ಬೇಕಾ ರೀ? ಇಷ್ಟು ವರ್ಷ ಕತ್ತರಿ ಹಿಡಿದ ಕೈ ಇಲ್ವಾ?"

ಅವಳು ಹೇಳಿದ್ದು ಸಿಡುಕಿಗೆ. ಇವನಿಗೆ ಅದು ವೇದವಾಕ್ಯವಾಗಿ ಕೇಳಿಸಿತು.

ಶನಿವಾರ ಮಂಡಿರಾಯರು ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ಎಂದಿನಂತೆ ಎರಡು ವಾರದಾಚೆಯ ಶನಿವಾರದ ಮೇಲೆ ಬೆರಳಿಟ್ಟರು. ಪಂಚಾಯ್ತಿ ಆ ಬೆರಳನ್ನು ಮೃದುವಾಗಿ ಹಿಡಿದು ಕೋಟುರಾಯರ ಬುಧವಾರಕ್ಕೆ ಸರಿಸಿದ.

"ಅಲ್ಲಪ್ಪ, ಶನಿವಾರ," ಎಂದರು ಅವರು.

ಪಂಚಾಯ್ತಿ ನಕ್ಕು, ಬೆರಳನ್ನು ಮತ್ತೆ ಬುಧವಾರಕ್ಕೆ ತಂದ.

"ಶ-ನಿ-ವಾ-ರ!" ಕಿವುಡನಿಗೆ ಹೇಳುವಂತೆ ಕೂಗಿದರು.

"ಬನ್ನಿ, ಕೂತ್ಕೊಳ್ಳಿ," ಎಂದ ಪಂಚಾಯ್ತಿ, ಬುಧವಾರದ ಮೇಲೆ ಟಕಟಕ ಬಡಿಯುತ್ತ.

ಭಾಷೆ ಬಾರದವನ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ. ಮಂಡಿರಾಯರು ಕೈಚೆಲ್ಲಿ, ಬುಧವಾರವೇ ಆಗಲಿ ಎಂದು ಹೊರಟರು. ತನಗೆ ಗೊತ್ತಿಲ್ಲದ ಭಾಷೆಯನ್ನು ಪಂಚಾಯ್ತಿ ಅಷ್ಟು ಸಮರ್ಥವಾಗಿ ಬಳಸಿದ್ದು ಅದೇ ಮೊದಲು.

ಬುಧವಾರ ಬೆಳಿಗ್ಗೆ ಮಾಲೀಕಮ್ಮ ಸಾಮಾನು ತರಲು ಪೇಟೆಗೆ ಹೋಗುತ್ತಿದ್ದಳು. ಎರಡನೇ ಕುರ್ಚಿಯ ಹುಡುಗಿ ಮಧ್ಯಾಹ್ನ ಬರುವವಳು. ಮಂಡಿರಾಯರು ಮೊದಲು ಬಂದರು. ಪಂಚಾಯ್ತಿ ಅವರನ್ನು ಎರಡನೇ ಕುರ್ಚಿಗೆ ಕರೆದೊಯ್ದು ಹಿಂದಕ್ಕೆ ಒರಗಿಸಿದ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಹಣೆಯಿಂದ ಗಲ್ಲದವರೆಗೆ ಸುತ್ತಿ, ಉಸಿರಾಡಲು ಮೂಗಿನ ತುದಿ ಮಾತ್ರ ಬಿಟ್ಟ. ಶೇವಿಂಗಿಗೆ ಗಡ್ಡ ಮೆತ್ತಗಾಗಲಿ ಎಂದು ಎಲ್ಲರಿಗೂ ಹಾಕುವ ಟವೆಲ್ಲೇ; ಇವತ್ತು ಸ್ವಲ್ಪ ದೊಡ್ಡದು.

ಕೋಟುರಾಯರು ಬಂದರು. ಟವೆಲ್ಲಿನ ಗಂಟಿನ ಕಡೆ ಒಮ್ಮೆ ನೋಡಿ, ಮೂರನೇ ಕುರ್ಚಿಯಲ್ಲಿ ಕೂತರು. ಪಂಚಾಯ್ತಿ ಕತ್ತರಿ ಆಡಿಸಿದ. ಕಚ ಕಚ ಕಚ. ಅವರು ತುಟಿ ಬಿಚ್ಚಲಿಲ್ಲ.

ಇದನ್ನು ಅವನು ಎಣಿಸಿರಲಿಲ್ಲ. ಪಕ್ಕದಲ್ಲಿ ಮೂರನೆಯವನಿದ್ದರೆ ಯಾರು ತಾನೇ ಎದೆ ಬಿಚ್ಚುತ್ತಾರೆ? ಕಿವಿಯ ಹಿಂದೆ ಬಾಚಿದ, ಕತ್ತಿನ ಹತ್ತಿರ ಬಾಚಿದ, ಕತ್ತರಿಸಿದ್ದನ್ನೇ ಕತ್ತರಿಸಿದ. ಹೀಗೇ ಹೋದರೆ ಕೋಟುರಾಯರ ತಲೆ ಬೋಳಾಗುವುದೊಂದೇ ಬಾಕಿ. ಅಷ್ಟರಲ್ಲಿ ಎರಡನೇ ಕುರ್ಚಿಯಿಂದ ಗೊರಕೆ ಎದ್ದಿತು. ಬಿಸಿ ಟವೆಲ್ಲಿನ ಸುಖಕ್ಕೆ ಮಂಡಿರಾಯರು ನಿದ್ದೆ ಹೋಗಿದ್ದರು.

ಗೊರಕೆ ಕೇಳಿ ಕೋಟುರಾಯರ ಭುಜ ಸಡಿಲವಾಯಿತು. ಸಣ್ಣಗೆ ನಕ್ಕು, ಕನ್ನಡಿಯಲ್ಲಿ ಎಲ್ಲೋ ನೋಡುತ್ತ ಶುರು ಮಾಡಿದರು. "ಪೆಟ್ಟಿಗೆ ಎಲ್ಲ ಕಟ್ಟಿಯಾಯ್ತು. ಏಣಿ ಒಂದು ಉಳಿದಿದೆ. ಅದನ್ನ ಏನು ಮಾಡೋದು ಅಂತ..."

ಹಾಳಾದ್ದು! ಹೇಳುವವನು ಬಾಯಿ ಬಿಟ್ಟ ಹೊತ್ತಿಗೆ ಕೇಳುವವನು ಗೊರಕೆ ಹೊಡೆಯುತ್ತಿದ್ದಾನೆ. ಪಂಚಾಯ್ತಿ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಕೆಲಸದ ಭಾಗವೇ ಎಂಬಂತೆ ಎರಡು ಹೆಜ್ಜೆ ಸರಿದು, ಬಿಸಿ ಟವೆಲ್ಲು ಬಿಚ್ಚಿ ನಲ್ಲಿಯ ತಣ್ಣೀರಿನಲ್ಲಿ ಅದ್ದಿದ ಇನ್ನೊಂದನ್ನು ಸುತ್ತಿದ. ಗೊರಕೆ ಗಕ್ಕನೆ ನಿಂತಿತು. ಒಳಗಿನಿಂದ ಗೊಣಗು ಬರುವ ಮೊದಲೇ ಟವೆಲ್ಲಿನ ಮೇಲೆ ಅಂಗೈಯಿಟ್ಟು, ಮಗುವಿಗೆ ತಟ್ಟುವಂತೆ ಮೆಲ್ಲಗೆ ತಟ್ಟಿದ. ಕೋಟುರಾಯರು ಕನ್ನಡಿಯಲ್ಲಿ ತಮ್ಮದೇ ಮುಖ ನೋಡುತ್ತಿದ್ದರು.

"...ಬೆಲ್ ಕೆಟ್ಟು ಹೋಗಿತ್ತು ಅಂತ ಹೇಳಿದ್ನಲ್ಲ. ಅದಕ್ಕೇ ಏಣಿ ಕೇಳಿದ್ದು. ಅವನು ಬಂದು ಬಾಗಿಲು ತಟ್ಟಿದ್ರೆ ಒಳಗೆ ಕರೀತಿದ್ದೆ. ಅವನಿಗೆ ಇಷ್ಟ ಅಂತ ಸೂಪು ಬೇರೆ ಮಾಡಿಟ್ಟಿದ್ದೆ. ಇಬ್ರೂ ಸೇರಿ ಬೆಲ್ ರಿಪೇರಿ ಮಾಡಿ ಊಟ ಮಾಡೋಣ ಅಂತ. ರಾತ್ರಿಯೆಲ್ಲ ರೇಡಿಯೋ ಹಾಕ್ಕೊಂಡು ಕಾದೆ. ಯಾವ ಕಾಲದಲ್ಲಿ ಬಂದನೋ, ಬಿಸಾಕಿ ಹೋದ."

ಎರಡನೇ ಕುರ್ಚಿಯ ಕಾಲುಗಳು ಮಿಸುಕಾಡುವುದನ್ನು ನಿಲ್ಲಿಸಿದವು. ಪಂಚಾಯ್ತಿ ಕತ್ತರಿಯನ್ನು ಗಾಳಿಯಲ್ಲಿ ಸುಮ್ಮನೆ ಕಚಕಚ ಅನ್ನಿಸುತ್ತ ನಿಂತ. ಮೌನ ಬಿದ್ದರೆ ಕೆಲಸ ಕೆಟ್ಟೀತು.

ಟವೆಲ್ಲಿನ ಒಳಗಿನಿಂದ ಒದ್ದೆ ದನಿ ಬಂತು. "ಬೆಲ್ ಕೆಟ್ಟಿತ್ತಾ?"

ಕೋಟುರಾಯರು ಕುರ್ಚಿಯ ಕೈ ಹಿಡಿದರು. "ಯಾರು?"

"ಎರಡು ಸಲ ಒತ್ತಿದೆನಲ್ಲೋ. ನೀನು ಬೇಕೂಂತ ತೆಗೀಲಿಲ್ಲ ಅಂದ್ಕೊಂಡೆ."

ಕೋಟುರಾಯರು ಮೆಲ್ಲಗೆ ತಿರುಗಿದರು. ಅರ್ಧ ಕತ್ತರಿಸಿದ ಕೂದಲು ಒಂದು ಕಡೆ ನಿಂತಿತ್ತು. ಮಂಡಿರಾಯರು ಟವೆಲ್ಲು ಕಿತ್ತು ಎದ್ದು ಕೂತಿದ್ದರು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬೆಲ್ ಕೆಟ್ಟಿದೆ ಅಂತ ನಿಂಗೆ ಹೇಳಿದ್ದೆ."

"ಹೇಳ್ಲಿಲ್ಲ."

"ಹೇಳಿದ್ದೆ ಕಣೋ, ಮೆಟ್ಟಿಲ ಹತ್ರ."

"ಮೆಟ್ಟಿಲ ಹತ್ರ ನೀನು ಹೇಳಿದ್ದು 'ಏಣಿ ತಂದ್ಕೊಡು' ಅಂತ ಅಷ್ಟೇ. ಯಾವಾಗ ತಾನೇ ನೀನು ಕಾರಣ ಹೇಳಿದ್ದೀಯ? ಚಿಕ್ಕಂದಿನಿಂದ ಬರೀ ಆರ್ಡರು!"

"ಎರಡು ಸಲ ಒತ್ತಿದೋನಿಗೆ ಒಂದು ಸಲ ಬಾಗಿಲು ತಟ್ಟೋಕೆ ಏನಾಗಿತ್ತು ರೋಗ?"

"ಎರಡೂ ಕೈಯಲ್ಲಿ ನಿನ್ನ ಏಣಿ ಇತ್ತು! ಬೆಲ್ ಒತ್ತಿದ್ದು ಮೊಣಕೈಯಲ್ಲಿ!"

ಜಗಳ ಜೋರಾಯಿತು. ಪಂಚಾಯ್ತಿಯ ಜೀವ ತಂಪಾಯಿತು. ಇಂಥ ಜಗಳಗಳನ್ನು ಅವನು ಬಲ್ಲ. ನಾಲ್ಕು ವರ್ಷ ಒಳಗೇ ಕೂತಿದ್ದ ಜಗಳ ಹೊರಗೆ ಬಂದು ಕೈಕಾಲು ಚಾಚುತ್ತಿದೆ, ಅಷ್ಟೆ. ಬೀಗ ಹಾಕಿದ ಬಾಗಿಲಿಗಿಂತ ಇದು ಸಾವಿರ ಪಾಲು ಮೇಲು. ಮಧ್ಯೆ ಬಾಯಿ ಹಾಕಿ ಒಂದು ತೀರ್ಪು ಕೊಡಬೇಕೆಂದು ನಾಲಿಗೆ ತುರಿಸಿ ತುರಿಸಿ ಬಂತು. ಬಾಚಣಿಗೆಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿದ.

ಕೊನೆಗೆ ಕೋಟುರಾಯರು ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. "ಆ ಸೂಪು ನಾನೊಬ್ನೇ ಮೂರು ದಿನ ಕುಡಿದೆ," ಎಂದರು.

"ಚೆನ್ನಾಗಿತ್ತಾ?"

"ಉಪ್ಪು ಜಾಸ್ತಿ ಆಗಿತ್ತು."

"ಹಾಗಾದ್ರೆ ಬಾಗಿಲು ತೆಗೀದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು."

ಪಂಚಾಯ್ತಿ ಇಬ್ಬರನ್ನೂ ಮತ್ತೆ ಕೂರಿಸಿ, ಒಬ್ಬರ ಕಟಿಂಗ್, ಇನ್ನೊಬ್ಬರ ಗಡ್ಡ ಮುಗಿಸಿದ. ಮಂಡಿರಾಯರು ಮುಖಕ್ಕೆ ಪೌಡರು ಹಾಕಿಸಿಕೊಂಡು ಬಾಗಿಲ ಬಳಿ ಕಾಯುತ್ತ ನಿಂತರು. ಕೋಟುರಾಯರು ಏಳಲಿಲ್ಲ. ಖಾಲಿ ಎರಡನೇ ಕುರ್ಚಿಯನ್ನು ನೋಡಿದರು, ಒದ್ದೆ ಟವೆಲ್ಲನ್ನು ನೋಡಿದರು, ಗೋಡೆಯ ಕ್ಯಾಲೆಂಡರನ್ನು ನೋಡಿದರು. ಆಮೇಲೆ ಕನ್ನಡಿಯಲ್ಲಿ ಇವನ ಕಣ್ಣಿಗೆ ಕಣ್ಣಿಟ್ಟು, ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಕೇಳಿದರು.

"ನಾವು ಮಾತಾಡೋದು ನಿಮಗೆ ಅರ್ಥ ಆಗುತ್ತೆ. ಅಲ್ವಾ?"

ಒಂದು ಕ್ಷಣ ಪಂಚಾಯ್ತಿಯ ಬಾಯಿಗೆ ಅವನ ಜೀವಮಾನದ ಅತಿ ದೊಡ್ಡ ಭಾಷಣ ಬಂದು ನಿಂತಿತು. ಅದನ್ನು ನುಂಗಿದ. ಕೈಗನ್ನಡಿ ಎತ್ತಿ, ಅವರ ಹಿಂದಲೆಗೆ ಹಿಡಿದು, ಎರಡು ಸುಳಿಗಳೂ ತೋರುವಂತೆ ತುಸು ಓರೆ ಮಾಡಿದ.

"ಸರಿ ಇದೆಯಾ?"

ಕೋಟುರಾಯರು ಬಹಳ ಹೊತ್ತು ತಮ್ಮ ಹಿಂದಲೆಯನ್ನೇ ನೋಡಿದರು. "ಸರಿ ಇದೆ," ಎಂದು ಎದ್ದರು.

ಅವರು ಮಗಳ ಊರಿಗೆ ಹೋಗುವುದೇನೂ ನಿಲ್ಲಲಿಲ್ಲ. ಪೆಟ್ಟಿಗೆ ಕಟ್ಟಿ ಆಗಿತ್ತಲ್ಲ. ಏಣಿ ತಮ್ಮನ ಮನೆಯಲ್ಲಿ ಉಳಿಯಿತು. ಅದು ಹೇಗಿದೆ ಎಂದು ನೋಡಲು ತಿಂಗಳಿಗೊಮ್ಮೆ ರೈಲು ಹತ್ತಿ ಬರುತ್ತಾರಂತೆ. ಅಣ್ಣ ತಮ್ಮ ಜೊತೆಯಾಗಿಯೇ ಸೆಲೂನಿಗೆ ಬರುತ್ತಾರೆ, ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಬೆಂಚಿನ ಮೇಲೆ. ಪಕ್ಕದಲ್ಲಿ ಪಂಚಾಯ್ತಿ ಇದ್ದಾನೆಂಬುದೇ ಮರೆತು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಒಂದು 'ಹೂಂ'ಗೂ ಜಾಗ ಬಿಡುವುದಿಲ್ಲ. ಅದೊಂದು ಅವನಿಗೆ ಸ್ವಲ್ಪ ಬೇಸರ.

ಅದೆಲ್ಲ ಆಮೇಲಿನ ಮಾತು. ಆ ಬುಧವಾರ ಸಂಜೆ ಪಂಚಾಯ್ತಿ ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದಿದ್ದಳು. ಹೇಳಿಬಿಡಲೇ ಎಂದು ಮೆಟ್ಟಿಲು ಹತ್ತುವಾಗಲೂ ಯೋಚಿಸುತ್ತಿದ್ದ. ಇವಳಿಗೆ ಹೇಳಿದರೆ ಬೇಕರಿಗೆ ಹೇಳಿದಂತೆ. ಬೇಕರಿಗೆ ಹೇಳಿದರೆ ಬೀದಿಗೆಲ್ಲ ಬ್ರೆಡ್ಡಿನ ಜೊತೆ ಹಂಚಿದಂತೆ. ಕುರ್ಚಿಯಲ್ಲಿ ಕೂತವರು ಬಿಚ್ಚಿಟ್ಟದ್ದು ಕುರ್ಚಿಯದು.

"ಏನ್ರೀ, ಇವತ್ತೇನು ವಿಶೇಷ?" ಎಂದಳು ಅವಳು.

"ಏನಿಲ್ಲ. ಒಂದು ಕಟಿಂಗು, ಒಂದು ಶೇವಿಂಗು."

"ಆಮೇಲೆ?"

"ಆಮೇಲೇನು, ಅಷ್ಟೇ."

ಅವಳು ಸೌಟು ಕೆಳಗಿಟ್ಟಳು. ಹತ್ತಿರ ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಹಣೆ ಮುಟ್ಟಿ ನೋಡಿದಳು.

"ಯಾಕ್ರೀ, ಮೈಗೆ ಹುಷಾರಿಲ್ವಾ?"